ಪಿಟೀಲು ಆಮೇಲೆ, ಮೊದಲು ಬಾಯಿಪಾಠ

ಕರ್ನಾಟಕ ಸಂಗೀತದ ಹೊಸ ಕೃತಿ ಕಲಿಯಲು ಶುರು ಮಾಡಿದಾಗ ನಾನು ಪಿಟೀಲನ್ನು ಪೆಟ್ಟಿಗೆಯಿಂದ ತೆಗೆಯುವುದೇ ಇಲ್ಲ. ಬಾಯಲ್ಲಿ ಹಾಡಲು ಬರಬೇಕು, ಕೈಯಲ್ಲಿ ತಾಳ ನಿಲ್ಲಬೇಕು. ಅಲ್ಲಿಯವರೆಗೆ ಅದು ಪೆಟ್ಟಿಗೆಯಲ್ಲೇ ಇರಲಿ. ನನ್ನ ದನಿ ಕೇಳುವ ಹಾಗೇನೂ ಇಲ್ಲ, ಬಾಗಿಲು ಹಾಕಿಕೊಂಡೇ ಹಾಡುತ್ತೇನೆ. ಹಾಸನದಲ್ಲಿ ನನ್ನದು ಆಫೀಸ್ ಕೆಲಸ. ರಾಮನವಮಿ, ಗಣಪತಿ ಹಬ್ಬದ ಸಮಯದಲ್ಲಿ ಪಕ್ಕವಾದ್ಯಕ್ಕೆ ಕರೆಯುತ್ತಾರೆ. ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಸಿಗುವವರಿಗೆ ಇದೇ ಬೇಗ ಆಗುವ ದಾರಿ.

ಕಾರಣ ಇದೆ. ನಾವು ಪಿಟೀಲಿನಲ್ಲಿ ನುಡಿಸುವ ಕೃತಿಗಳೆಲ್ಲ ಹಾಡಲೆಂದು ರಚಿಸಿದವು. ಅಕ್ಷರ ಬೀಳುವ ಕಡೆ ಕಮಾನು (ತಂತಿ ಮೇಲೆ ಎಳೆಯುವ ಕೋಲು) ದಿಕ್ಕು ತಿರುಗಬೇಕು. ಅಕ್ಷರ ಎಳೆಯುವ ಕಡೆ ಒಂದೇ ಕಮಾನಿನಲ್ಲಿ ಸಾಗಬೇಕು. ಸಾಹಿತ್ಯ ಗೊತ್ತಿಲ್ಲದೆ ಬರೀ ಸ್ವರ ನೋಡಿಕೊಂಡು ನುಡಿಸಿದರೆ ಕಮಾನು ಸಿಕ್ಕಸಿಕ್ಕಲ್ಲಿ ತಿರುಗುತ್ತದೆ. ಪಕ್ಕದಲ್ಲಿ ಹಾಡುತ್ತಿರುವವರು ಒಮ್ಮೆ ತಿರುಗಿ ನೋಡುತ್ತಾರೆ. ಆ ನೋಟ ಸಾಕು.

ಇತ್ತೀಚೆಗೆ ಕಲಿತದ್ದು ಮೈಸೂರು ವಾಸುದೇವಾಚಾರ್ಯರ 'ಬ್ರೋಚೇವಾರೆವರುರಾ'. ಖಮಾಚ್ ರಾಗ, ಆದಿತಾಳ, ತೆಲುಗು ಸಾಹಿತ್ಯ. ಇದನ್ನು ಕೇಳದವರು ಯಾರಿದ್ದಾರೆ? ಕಚೇರಿಯಲ್ಲಿ ಕೇಳಿದ್ದೇವೆ, ರೇಡಿಯೋದಲ್ಲಿ ಕೇಳಿದ್ದೇವೆ, ಸಿನಿಮಾದಲ್ಲೂ ಬಂದಿದೆ. ತೊಂದರೆ ಇರುವುದೇ ಅಲ್ಲಿ. ಕೇಳದ ಕೃತಿಗಿಂತ ಕೇಳಿ ಕೇಳಿ ಹಳೆಯದಾದ ಕೃತಿ ಕಲಿಯುವುದು ಕಷ್ಟ. ಒಬ್ಬರ ಪಲ್ಲವಿ, ಇನ್ನೊಬ್ಬರ ಸಂಗತಿ (ಒಂದೇ ಸಾಲನ್ನು ಬದಲಿಸಿ ಬದಲಿಸಿ ಹಾಡುವುದು), ಮತ್ತೊಬ್ಬರ ಚಿಟ್ಟೆಸ್ವರ (ಕೃತಿಗೆ ಸೇರಿಸಿದ ಬರೀ ಸ್ವರಗಳ ಭಾಗ) ತಲೆಯಲ್ಲಿ ಕಲಸಿಹೋಗಿರುತ್ತವೆ. ಕಿವಿ ಮಾತ್ರ 'ನನಗೆ ಗೊತ್ತು' ಅನ್ನುತ್ತಿರುತ್ತದೆ.

"ಪಾಠ ಮಾಡಿಕೊಡಿ ಸಾರ್, ಕೇಳಿ ಗೊತ್ತಿದೆ" ಅಂದೆ. ನಮ್ಮ ಮೇಷ್ಟ್ರು ನಕ್ಕರು. "ಕೇಳಿದ್ದು ಗೊತ್ತು ಕಣಯ್ಯ. ಎಲ್ಲಿ, ತಾಳ ಹಾಕಿಕೊಂಡು ಹೇಳು ನೋಡೋಣ" ಅಂದರು. ಪಲ್ಲವಿ ಆದ ಮೇಲೆ ಬರುವ ಅನುಪಲ್ಲವಿ ಮುಗಿಯುವುದರೊಳಗೆ ನಿಲ್ಲಿಸಿದರು.

ಮೊದಲ ಕೆಲಸ, ಒಂದೇ ಪಾಠಾಂತರ, ಅಂದರೆ ಒಬ್ಬರು ಹಾಡುವ ರೀತಿ, ಹಿಡಿಯುವುದು. ಮೇಷ್ಟ್ರು ಹೇಳಿಕೊಟ್ಟಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಪಾಠ ಗಟ್ಟಿಯಾಗುವವರೆಗೆ ಬೇರೆಯವರದ್ದನ್ನು ಕೇಳುವುದಿಲ್ಲ. ಗಟ್ಟಿಯಾದ ಮೇಲೆ ಎಷ್ಟು ಜನರದ್ದನ್ನಾದರೂ ಕೇಳಬಹುದು, ಆಗ ಖುಷಿಯೂ ಜಾಸ್ತಿ.

ಎರಡನೆಯದು ಸಾಹಿತ್ಯ. ಪುಸ್ತಕದಲ್ಲಿದ್ದರೂ ಕೈಯಲ್ಲೇ ಬರೆದುಕೊಳ್ಳುತ್ತೇನೆ. ಬ್ರೋಚೇವಾರು, ಎವರುರಾ ಅಂತ ಪದ ಬಿಡಿಸಿ, ಅರ್ಥ ಕೇಳಿಕೊಂಡು ಬರೆಯುತ್ತೇನೆ. ನಿನ್ನನ್ನು ಬಿಟ್ಟರೆ ಕಾಪಾಡುವವರು ಯಾರು ರಘುವರಾ ಎಂದು ತಿಳಿದ ಮೇಲೆ ಎಲ್ಲಿ ಉಸಿರು ತೆಗೆದುಕೊಳ್ಳಬಾರದು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಸಾಹಿತ್ಯವನ್ನು ಸ್ಪಷ್ಟವಾಗಿ ಹೇಳುವುದು ಹೇಗೆ ಎಂದು ತಿಳಿಯಲು ನಾನು ಆರ್.ಕೆ. ಶ್ರೀಕಂಠನ್ ಅವರ ಹಾಡುಗಾರಿಕೆಯ ರೆಕಾರ್ಡಿಂಗ್ ಕೇಳುತ್ತೇನೆ. ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ರುದ್ರಪಟ್ಟಣದಲ್ಲೇ. ಅರಕಲಗೂಡು ತಾಲ್ಲೂಕು, ಕಾವೇರಿ ದಂಡೆಯ ಊರು. ಅವರು ಯಾವ ಭಾಷೆಯ ಕೃತಿ ಹಾಡಿದರೂ ಒಂದಕ್ಷರ ನುಂಗುತ್ತಿರಲಿಲ್ಲ. ಪಿಟೀಲು ನುಡಿಸುವವರು ಅದನ್ನು ಕೇಳಬೇಕು. ಹಾಗೆ ಬಿಡಿಬಿಡಿಯಾಗಿ ಅಕ್ಷರ ಬೀಳುವುದನ್ನು ಕೇಳಿದರೆ ಕಮಾನು ಎಲ್ಲಿ ತಿರುಗಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲೆ ತಾಳ. ತೊಡೆ ಮೇಲೆ ತಾಳ ಹಾಕುತ್ತಾ ಸಾಹಿತ್ಯವನ್ನು ರಾಗವಿಲ್ಲದೆ ಸುಮ್ನೆ ಮಾತಿನ ಹಾಗೆ ಹೇಳುತ್ತೇನೆ. ಯಾವ ಅಕ್ಷರ ತಾಳದ ಯಾವ ಪೆಟ್ಟಿನ ಮೇಲೆ ಬರುತ್ತದೆ, ಪಲ್ಲವಿಯ ಎತ್ತುಗಡೆ (ತಾಳದಲ್ಲಿ ಹಾಡು ಶುರುವಾಗುವ ಜಾಗ) ಎಲ್ಲಿ, ಅನುಪಲ್ಲವಿಯದು ಎಲ್ಲಿ, ಇಷ್ಟು ನೋಡಿಕೊಳ್ಳುವುದು. ಪಿಟೀಲು ಹಿಡಿದ ಮೇಲೆ ಎರಡು ಕೈಗೂ ಕೆಲಸ, ತಾಳಕ್ಕೆ ಕಾಲೊಂದೇ ಗತಿ. ಅಷ್ಟರೊಳಗೆ ಲೆಕ್ಕ ಮೈಗೆ ಹತ್ತಿರಬೇಕು. ಅರಕಲಗೂಡು ಬಸ್ಸಿನಲ್ಲಿ ಕೂತು ತಾಳ ಹಾಕುತ್ತಿದ್ದರೆ ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ಹಾಡಿ ಕಲಿಯುವಾಗ ನಾನು ಚರಣದ ಕೊನೆಯ ಸಾಲಿನಿಂದ ಶುರು ಮಾಡಿ ಹಿಂದಕ್ಕೆ ಬರುತ್ತೇನೆ. ಮೊದಲಿನಿಂದ ಶುರು ಮಾಡಿದರೆ ಪಲ್ಲವಿ ನೂರು ಸಲ ಆಗಿರುತ್ತದೆ, ಚರಣ ಅರೆಬರೆ ಉಳಿದಿರುತ್ತದೆ. ಕಚೇರಿಯಲ್ಲಿ ಎಡವುವುದೂ ಅಲ್ಲೇ ಅಲ್ವಾ? ಜಾಸ್ತಿ ಹೊತ್ತು ಕೊಡುವುದು ಸೇರುವ ಜಾಗಗಳಿಗೆ: ಅನುಪಲ್ಲವಿ ಮುಗಿದು ಪಲ್ಲವಿಗೆ ಬರುವ ಕಡೆ, ಒಂದು ಸಂಗತಿ ಮುಗಿದು ಮುಂದಿನದು ಶುರುವಾಗುವ ಕಡೆ. ಇನ್ನೊಂದು ವಿಷಯ. ಎಷ್ಟೋ ಕೃತಿಗಳಲ್ಲಿ ಚರಣದ ಕೊನೆಯ ಭಾಗಕ್ಕೆ ಅನುಪಲ್ಲವಿಯ ಧಾಟಿಯೇ ಬರುತ್ತದೆ. ಕಲಿಯುವುದು ಅಷ್ಟು ಕಡಿಮೆ ಆಯಿತು ಅಂತ ಅನ್ನಿಸುತ್ತದೆ. ಆದರೆ ಅಕ್ಷರ ಬೇರೆ, ಹಾಗಾಗಿ ಕಮಾನೂ ಬೇರೆ. ಅದನ್ನು ಹೊಸ ಸಾಲು ಅಂತಲೇ ಕಲಿಯಬೇಕು.

ಇಷ್ಟಾದ ಮೇಲೆ ಪೆಟ್ಟಿಗೆ ತೆರೆಯುವುದು. ಆಗ ಬೆರಳಿನ ಪ್ರಶ್ನೆಗಳು ಮಾತ್ರ ಉಳಿದಿರುತ್ತವೆ. ಖಮಾಚ್ ಹರಿಕಾಂಭೋಜಿಯ ಜನ್ಯ, ಅಂದರೆ ಅದರಿಂದ ಹುಟ್ಟಿದ ರಾಗ. ಕೈಶಿಕಿ ನಿಷಾದ, ಅಂದರೆ ಕೆಳಗಿನ 'ನಿ', ಅದರದ್ದೇ ಸ್ವರ. ಅದಕ್ಕಿಂತ ಸ್ವಲ್ಪ ಮೇಲಿನ ಕಾಕಲಿ ನಿಷಾದ ಅಲ್ಲಲ್ಲಿ ಅನ್ಯಸ್ವರವಾಗಿ, ಹೊರಗಿನ ಸ್ವರವಾಗಿ, ಬಂದುಹೋಗುತ್ತದೆ. ಪಂಚಮದ ತಂತಿಯ ಮೇಲೆ ನನಗೆ ಎರಡೂ ಎರಡನೇ ಬೆರಳಿಗೇ ಬೀಳುತ್ತವೆ. ಒಂದು ಕೂದಲೆಳೆ ಆಚೀಚೆ ಆದರೆ ರಾಗ ಕೆಡುತ್ತದೆ. ಆ ಎರಡೇ ಪ್ರಯೋಗಗಳನ್ನು ತಂಬೂರಿ ಶ್ರುತಿ ಹಾಕಿಕೊಂಡು, ತಾಳವಿಲ್ಲದೆ, ನಿಧಾನವಾಗಿ ನುಡಿಸುತ್ತೇನೆ. ಆಮೇಲೆ ಇಡೀ ಕೃತಿ ಕೆಳಗಿನ ಕಾಲದಲ್ಲಿ, ಅಂದರೆ ನಿಧಾನ ಗತಿಯಲ್ಲಿ. ಇಲ್ಲಿ ಆತುರ ಮಾಡಿದರೆ ಗಮಕಗಳು (ಸ್ವರದ ಓಲಾಟಗಳು) ಸವೆದುಹೋಗುತ್ತವೆ, ಬರೀ ಸ್ವರಸ್ಥಾನ ಮುಟ್ಟಿ ಬಂದ ಹಾಗೆ ಕೇಳುತ್ತದೆ.

ಚಿಟ್ಟೆಸ್ವರ ಕೊನೆಗೆ. ಅದಕ್ಕೆ ಸಾಹಿತ್ಯವಿಲ್ಲ, ಕಮಾನು ನಾವೇ ತೀರ್ಮಾನಿಸಬೇಕು. ಅದನ್ನು ಮಾತ್ರ ಪಿಟೀಲಿನ ಮೇಲೇ ಕಲಿಯುತ್ತೇನೆ.

ಮೃದಂಗದ ಗೆಳೆಯರೊಬ್ಬರ ಜೊತೆ ಒಮ್ಮೆ ಕೂತರೆ ಎಲ್ಲಿ ಓಡುತ್ತಿದ್ದೇನೆ, ಎಲ್ಲಿ ಎಳೆಯುತ್ತಿದ್ದೇನೆ ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಸಕಲೇಶಪುರದ ಕಡೆ ಹೋಗಿ ಕೂರುವುದು ಬೇಡ. ತೇವಕ್ಕೆ ನನ್ನ ಪಿಟೀಲಿನ ತಂತಿ ಬಿಗಿಸುವ ಬಿರಡೆಗಳು ಊದಿಕೊಂಡು ತಿರುಗುವುದಿಲ್ಲ, ಅವರ ಮೃದಂಗದ ಶ್ರುತಿ ಇಳಿಯುತ್ತದೆ. ಅರ್ಧ ಹೊತ್ತು ಶ್ರುತಿ ಸೇರಿಸುವುದರಲ್ಲೇ ಕಳೆಯುತ್ತದೆ.

ಒಂದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ ಬಿಳಿ ಮನೆಗಳ ಲೆಕ್ಕದಲ್ಲಿ ಮೊದಲನೆಯದು) ಕೃತಿ ಈಗ ಕೂತಿದೆ. ಮುಂದಿನ ಕಚೇರಿಯಲ್ಲಿ ಹಾಡುವವರು ಹೆಣ್ಣುಮಗಳು, ಅವರ ಶ್ರುತಿ ಐದು ಮನೆ, ತಂತಿ ಇನ್ನೂ ಬಿಗಿ ಮಾಡಬೇಕು. ತಂತಿ ಬಿಗಿಯಾದರೆ ಅದೇ ಗಮಕಕ್ಕೆ ಬೆರಳು ಬೇರೆ ಒತ್ತಡ ಕೇಳುತ್ತದೆ. ಈ ವಾರ ಅದೇ ಅಭ್ಯಾಸ.