ನಟ್ ತಿರುಗುತ್ತೆ, ನಳಿಗೆ ತಿರುಗಲ್ಲ: ಬೆಟ್ಟದ ತೋಪಿನ ಮಾದರಿ ಮಾಡಿದ ನನ್ನ ಅನುಭವ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಲೇತ್ ಅಂಗಡಿ ಇದೆ. ಬೋರ್‌ವೆಲ್ ಪಂಪಿನ ಶಾಫ್ಟ್, ಟಿಪ್ಪರ್‌ನ ಬುಷ್, ಅಕ್ಕಿ ಗಿರಣಿಯ ಪುಲ್ಲಿ, ದಿನಾ ಇದೇ ಕೆಲಸ. ಹೋದ ವರ್ಷ ಮಳೆಗಾಲದಲ್ಲಿ ಕೆಲಸ ಸ್ವಲ್ಪ ಕಮ್ಮಿಯಾಗಿತ್ತು. ಆಗ ಒಂದು ತೋಪು ಮಾಡಿದೆ. ಹಾರಿಸುವ ತೋಪಲ್ಲ, ಮಕ್ಕಳು ಬಿಚ್ಚಿ ಕೂಡಿಸುವ ಮಾದರಿ.

ಮಾಡಿಸಿದವರು ನಮ್ಮ ಓಣಿಯ ಹವಾಲ್ದಾರ್ ಕಾಕಾ. ಕೊಪ್ಪಳದ ಕಡೆಯವರು. ಸೇನೆಯಲ್ಲಿ ಬೆಟ್ಟದ ತೋಪುಗಳ ದಳದಲ್ಲಿದ್ದು ನಿವೃತ್ತಿಯಾದವರು. ಮೊಮ್ಮಗನ ಶಾಲೆಯಲ್ಲಿ ವಸ್ತು ಪ್ರದರ್ಶನ ಇತ್ತು. ಒಂದು ಸಂಜೆ ಅಳತೆ ಬರೆದ ಹಾಳೆ ಹಿಡಿದು ಬಂದರು.

"ತಮ್ಮಾ, ಎರಡು ತುಂಡಾಗೋ ತೋಪು ಮಾಡಿಕೊಡ್ತೀಯೇನು? ಹುಡುಗರು ಕೈಯಾರೆ ಕೂಡಿಸಬೇಕು, ಕೈಯಾರೆ ಬಿಚ್ಚಬೇಕು."

"ತೋಪು ಎರಡು ತುಂಡು ಯಾಕೆ ಕಾಕಾ?" ಅಂದೆ.

"ಹೇಸರಗತ್ತೆ ಬೆನ್ನು ಒಂದೇ ಅಲ್ಲೇನಪ್ಪಾ," ಅಂದರು.

ಆ ಒಂದು ಮಾತಿನಲ್ಲೇ ಇಡೀ ತೋಪಿನ ವಿನ್ಯಾಸ ಇದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಬಯಲಿನ ತೋಪಿಗೆ ಎತ್ತು, ಕುದುರೆ ಕಟ್ಟಿ ಎಳೆಯಬಹುದು. ಗಾಲಿ ಉರುಳದ ಬೆಟ್ಟದಲ್ಲಿ ತೋಪನ್ನು ಹೊತ್ತೇ ಒಯ್ಯಬೇಕು. ಹೇಸರಗತ್ತೆ ಕಡಿದಾದ ದಾರಿಯಲ್ಲೂ ಹೆಜ್ಜೆ ತಪ್ಪದೆ ಹತ್ತುತ್ತೆ, ಆದರೆ ಅದು ಹೊರುವ ಭಾರಕ್ಕೆ ಮಿತಿ ಇದೆ. 1868ರಲ್ಲಿ ಬ್ರಿಟಿಷರು ಅಬಿಸೀನಿಯಾಕ್ಕೆ, ಅಂದರೆ ಈಗಿನ ಇಥಿಯೋಪಿಯಾಕ್ಕೆ, ಒಯ್ದ 7 ಪೌಂಡರ್ (ಗುಂಡಿನ ತೂಕದಿಂದ ಬಂದ ಹೆಸರು) ಬೆಟ್ಟದ ತೋಪಿನ ನಳಿಗೆ 150 ಪೌಂಡ್, ಅಂದರೆ 68 ಕಿಲೋ ಇತ್ತು. ಆಮೇಲೆ 200 ಪೌಂಡಿನದು ಬಂತು. ಒಂದೇ ಪ್ರಾಣಿ ಹೊರಬೇಕಲ್ಲ, ಅದಕ್ಕೆ ನಳಿಗೆ ಗಿಡ್ಡ. ನಳಿಗೆ ಗಿಡ್ಡವಾದರೆ ಮದ್ದಿನ ಹೊಗೆ ಗುಂಡನ್ನು ತಳ್ಳುವುದು ಸ್ವಲ್ಪ ಹೊತ್ತು ಮಾತ್ರ. ಗುಂಡಿಗೆ ವೇಗ ಬರಲ್ಲ, ದೂರ ಹೋಗಲ್ಲ.

ದೂರ ಹೋಗಬೇಕು ಅಂದರೆ ನಳಿಗೆ ಉದ್ದ ಬೇಕು. ಉದ್ದ ಮಾಡಿದರೆ ಭಾರ 400 ಪೌಂಡ್ ಆಗುತ್ತೆ, ಪ್ರಾಣಿ ಹೊರಲ್ಲ. ಈ ಗಂಟನ್ನು ಬಿಡಿಸಿದವನು ಕರ್ನಲ್ ಲೆ ಮೆಝೂರಿಯರ್ ಎಂಬ ಫಿರಂಗಿ ದಳದ ಅಧಿಕಾರಿ. ನಳಿಗೆಯನ್ನು ಮಧ್ಯೆ ಎರಡು ಮಾಡಿ, ಯುದ್ಧದ ಜಾಗದಲ್ಲಿ ಸ್ಕ್ರೂ ಹಾಕಿ ಕೂಡಿಸೋಣ ಅಂತ ಅವನ ಯೋಚನೆ. ಹಾಗೆ 1879ರಲ್ಲಿ ಬಂದದ್ದು ಎರಡೂವರೆ ಇಂಚಿನ ಬೆಟ್ಟದ ತೋಪು. ಸಿಪಾಯಿಗಳು ಅದನ್ನು ಸ್ಕ್ರೂ ಗನ್ ಅಂತಲೇ ಕರೆದರು. ನಳಿಗೆಯ ಒಂದೊಂದು ತುಂಡು ಸುಮಾರು 90 ಕಿಲೋ. ಎರಡು ಸಿಮೆಂಟ್ ಚೀಲಕ್ಕೆ ಹತ್ತು ಕಿಲೋ ಕಮ್ಮಿ ಅಂದುಕೊಳ್ಳಿ. ನಳಿಗೆಗೆ ಎರಡು ಹೇಸರಗತ್ತೆ, ಗಾಡಿ, ಅಚ್ಚು, ಗಾಲಿಗಳಿಗೆ ಮೂರು. ಐದು ಪ್ರಾಣಿ ಸೇರಿದರೆ ಒಂದು ತೋಪು. ಗುಂಡು ಸುಮಾರು 3,600 ಮೀಟರ್ ಹೋಗುತ್ತಿತ್ತು.

ನಾನು ಐದರಲ್ಲೊಂದು ಪಾಲಿನ ಅಳತೆ ಹಿಡಿದೆ. ಅದಕ್ಕೊಂದು ಕಾರಣ ಇದೆ. ನಳಿಗೆಯ ರಂಧ್ರ 63.5 ಮಿಲಿಮೀಟರ್, ಐದರಿಂದ ಭಾಗಿಸಿದರೆ 12.7, ಸರಿಯಾಗಿ ಅರ್ಧ ಇಂಚು. ಅರ್ಧ ಇಂಚಿನ ಡ್ರಿಲ್ ಯಾವ ಅಂಗಡಿಯಲ್ಲಾದರೂ ಸಿಗುತ್ತೆ. ನಳಿಗೆಯ ಉದ್ದ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ಬಂತು. ಇಷ್ಟು ಉದ್ದ ಒಂದೇ ಸಲ ಕೊರೆದರೆ ಡ್ರಿಲ್ ಒಂದು ಕಡೆ ಓಡುತ್ತೆ, ಕೆಲಸ ಮಾಡಿದವರಿಗೆ ಗೊತ್ತು. ಎರಡು ತುಂಡು ಆದದ್ದರಿಂದ ಒಂದೊಂದರಲ್ಲೂ ಒಂದು ಗೇಣಿಗಿಂತ ಕಮ್ಮಿ ಕೊರೆದರೆ ಸಾಕಾಯಿತು. ಕೊನೆಗೆ ರಂಧ್ರ ನುಣುಪು ಮಾಡಲು ರೀಮರ್ ಹಾಕಿದೆ. ಬುಡದ ತುಂಡಿನಲ್ಲಿ ಬತ್ತಿ ಇಡುವ ಕಿಂಡಿ ಮಾತ್ರ ಕೊರೆಯಲಿಲ್ಲ, ಬುಡವನ್ನು ಗಟ್ಟಿಯಾಗಿಯೇ ಬಿಟ್ಟೆ. ಮಕ್ಕಳ ಕೈಗೆ ಹೋಗುವ ಸಾಮಾನು. ಇಂಥ ಮಾದರಿ ಮಾಡುವ ಯಾರಾದರೂ ಆ ಕಿಂಡಿ ಕೊರೆಯಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಕಬ್ಬಿಣಕ್ಕೆ ಮೊದಲು ಗುಜರಿಯಿಂದ ಹಳೇ ಆಕ್ಸಲ್ ತುಂಡು ತಂದಿದ್ದೆ. ಮೆತ್ತಗಿದೆ ಅಂತ ಹೇಳಿ ಕೊಟ್ಟಿದ್ದರು. ಮೇಲ್ಮೈ ಹದ ಮಾಡಿದ ಕಬ್ಬಿಣ ಅದು, ಎರಡು ಟೂಲ್ ಸುಟ್ಟವು. ಅದನ್ನು ಬಿಟ್ಟು 40 ಮಿಲಿಯ ಬ್ರೈಟ್ ಬಾರ್ ತಂದೆ.

ಈಗ ಜೋಡಣೆಯ ವಿಷಯ. ಇಲ್ಲೇ ನಾನು ಹೆಚ್ಚು ದಿನ ಕಳೆದದ್ದು, ಇಲ್ಲೇ ಹೆಚ್ಚು ಕಲಿತದ್ದು.

ಸ್ಕ್ರೂ ಗನ್ ಅನ್ನುವ ಹೆಸರು ಕೇಳಿ ನಾನು ಸುಲಭದ ದಾರಿ ಹಿಡಿದೆ. ಬಾಯಿ ಕಡೆಯ ತುಂಡಿನ ಮೇಲೆ 30 ಮಿಲಿಯ ಥ್ರೆಡ್ ಹಾಕಿದೆ, ಬುಡದ ತುಂಡಿನ ಒಳಗೆ ಅದಕ್ಕೆ ಸರಿಯಾದ ಥ್ರೆಡ್. ಪಿಚ್ 1.5 ಮಿಲಿ. ಬಾಟಲಿ ಮುಚ್ಚಳದ ಹಾಗೆ ತಿರುಗಿಸಿದರೆ ಕೂತಿತು. ಎರಡೂ ತುಂಡಿನ ಮೇಲೆ ಹಾದುಹೋಗುವ ಹಾಗೆ ಒಂದು ಗೆರೆ ಗೀರಿದೆ. ಕಾಕಾ ಬಂದರು, ನೋಡಿದರು, ಕನ್ನಡಕ ಹಾಕಿಕೊಂಡರು. ಮಾತಾಡದೆ ಬಿಚ್ಚಿದರು, ಕೂಡಿಸಿದರು. ಮತ್ತೆ ಬಿಚ್ಚಿದರು, ಮತ್ತೆ ಕೂಡಿಸಿದರು. ಚಹಾ ಬರುವಷ್ಟರಲ್ಲಿ ಮೂವತ್ತು ಸಲವಾದರೂ ಆಗಿತ್ತು.

"ಈಗ ಗೆರಿ ನೋಡು," ಅಂದರು.

ಬಾಯಿ ತುಂಡಿನ ಗೆರೆ ಬುಡದ ಗೆರೆಯನ್ನು ದಾಟಿ ಸುಮಾರು ಎರಡು ಮಿಲಿ ಮುಂದೆ ಹೋಗಿತ್ತು. ಲೆಕ್ಕ ಹಾಕಿದೆ. ಒಂದು ಪೂರ್ತಿ ಸುತ್ತಿಗೆ ತುಂಡು 1.5 ಮಿಲಿ ಒಳಗೆ ಹೋಗುತ್ತೆ. 30 ಮಿಲಿ ದಪ್ಪದ ನಳಿಗೆಯ ಸುತ್ತಳತೆ 94 ಮಿಲಿ. ಮುಖಕ್ಕೆ ಮುಖ ಕೂರುವ ಜಾಗದಲ್ಲಿ ಬರೀ 0.03 ಮಿಲಿ ಸವೆದರೂ ಗೆರೆ ಎರಡು ಮಿಲಿ ಜಾರುತ್ತೆ. ಕೂದಲೆಳೆಗಿಂತ ಕಮ್ಮಿ ಸವೆತ ಅದು.

ಮಾದರಿಯಲ್ಲಿ ಇದರಿಂದ ಏನೂ ಆಗಲ್ಲ. ನಿಜವಾದ ತೋಪಿನ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ತೋಡುಗಳು, ಅಂದರೆ ಸುರುಳಿ ಗೆರೆಗಳು ಇರುತ್ತವೆ. ಬುಡದ ಗೆರೆ ಬಾಯಿ ತುಂಡಿನ ಗೆರೆಗೆ ಸರಿಯಾಗಿ ಕೂಡದಿದ್ದರೆ ಗುಂಡು ಮಧ್ಯದಲ್ಲೇ ಎಡವುತ್ತೆ. ದಿನಾ ಬಿಚ್ಚಿ ದಿನಾ ಕೂಡಿಸುವ ತೋಪು ಅದು. ಅಂದರೆ ತಿರುಗಿಸಿ ಕೂಡಿಸುವ ದಾರಿ ನಡೆಯಲ್ಲ. ನಳಿಗೆ ತಿರುಗಬಾರದು, ಆದರೂ ಬಿಗಿಯಾಗಬೇಕು.

ಉತ್ತರ ನನ್ನ ಅಂಗಡಿಯ ಮೂಲೆಯಲ್ಲೇ ಬಿದ್ದಿತ್ತು. ಬೋರ್‌ವೆಲ್ ಪೈಪಿಗೆ ಹಾಕುವ ಯೂನಿಯನ್! ಹೊಲದಲ್ಲಿ ಪೈಪ್ ಬಿಚ್ಚುವಾಗ ನೋಡಿರುತ್ತೀರಿ. ಎರಡು ಪೈಪೂ ಇದ್ದಲ್ಲೇ ಇರುತ್ತವೆ, ಮಧ್ಯದ ನಟ್ ಮಾತ್ರ ತಿರುಗಿ ಎರಡನ್ನೂ ಎಳೆದು ಕೂರಿಸುತ್ತೆ. ಸ್ಕ್ರೂ ಗನ್ನಿನಲ್ಲೂ ಅದೇ, ಜೋಡಣೆಯ ನಟ್ ಅಂತ ಒಂದು ಬೇರೆಯೇ ಭಾಗ ಇದೆ. ಕಾಕಾ ತಂದ ಹಾಳೆಯಲ್ಲೂ ಅದು ಇತ್ತು, ನಾನು ಅದನ್ನು ಬರೀ ಪಟ್ಟಿ ಅಂದುಕೊಂಡಿದ್ದೆ.

ಮತ್ತೆ ಮಾಡಿದೆ. ಬುಡದ ತುಂಡಿನ ಮೂತಿಯ ಹೊರಗೆ ಥ್ರೆಡ್. ಬಾಯಿ ತುಂಡಿನ ಹಿಂದಿನ ತುದಿಗೆ ಒಂದು ಕಾಲರ್. ನಟ್ ಮುಂದಿನಿಂದ ಜಾರಿ ಬಂದು ಆ ಕಾಲರ್ ಹಿಡಿದು ಬುಡದ ಕಡೆ ಎಳೆಯುತ್ತೆ. ಬುಡದ ಮುಖದಲ್ಲಿ ಒಂದು ಸಣ್ಣ ಪಿನ್, ಕಾಲರ್‌ನಲ್ಲಿ ಅದಕ್ಕೊಂದು ತೋಡು. ಪಿನ್ ಕೂತರೆ ತುಂಡು ತಿರುಗಲು ಸಾಧ್ಯವೇ ಇಲ್ಲ. ಎಷ್ಟು ಸವೆದರೂ ಗೆರೆಗೆ ಗೆರೆ ಕೂಡುತ್ತೆ, ನಟ್ ಮಾತ್ರ ಒಂದು ಚೂರು ಜಾಸ್ತಿ ತಿರುಗುತ್ತೆ.

ಇಲ್ಲೂ ಒಂದು ಪೆಟ್ಟು ತಿಂದೆ. ನಟ್ ಕೂಡ ಅದೇ ಬ್ರೈಟ್ ಬಾರ್‌ನಿಂದ ಮಾಡಿ, ಎಣ್ಣೆ ಹಾಕದೆ, ಸ್ಪ್ಯಾನರ್ ಹಿಡಿದು ಬಿಗಿದೆ. ಕಚ್ಚಿಕೊಂಡಿತು. ಒಂದೇ ಜಾತಿಯ ಮೆತ್ತನೆ ಕಬ್ಬಿಣ ಒಂದರ ಮೇಲೊಂದು ಉಜ್ಜಿದರೆ ಹಾಗೇ ಕಚ್ಚುತ್ತೆ. ಬಿಸಿ ಮಾಡಿದೆ, ಡೀಸೆಲ್ ಬಿಟ್ಟೆ, ಬಿಡಲಿಲ್ಲ. ಕೊನೆಗೆ ನಟ್ಟನ್ನು ಲೇತ್ ಮೇಲೇ ಸೀಳಿ ತೆಗೆದೆ. ಎರಡನೇ ನಟ್ ಹಿತ್ತಾಳೆಯದು ಮಾಡಿದೆ. ನಿಜವಾದ ತೋಪು ಉಕ್ಕಿನದೇ, ಹಾಗಾಗಿ ಇದು ಮೂಲಕ್ಕೆ ಸರಿ ಅಲ್ಲ. ಆದರೆ ಮಕ್ಕಳು ಎಣ್ಣೆ ಹಾಕುತ್ತಾರೆ ಅಂತ ನಂಬಿ ಕೂರೋಕಾಗಲ್ಲ.

ಕೆಲಸ ಮುಗಿದ ದಿನ ಕಾಕಾ ಬಂದು ಜೋಡಣೆಯ ಮೇಲೆ ಉಗುರು ಎಳೆದರು. ಉಗುರು ಎಲ್ಲೂ ತಡೆಯಲಿಲ್ಲ. ತಲೆಯಾಡಿಸಿದರು.

ಆಮೇಲೆ ಸಂಜೆ ಹೊತ್ತು ಅವರು ಈ ತೋಪುಗಳ ಕಥೆ ಹೇಳುತ್ತಾ ಹೋದರು, ನಾನು ಗಾಲಿಯ ಅರೆ ಕಾಲು ಉಜ್ಜುತ್ತಾ ಕೇಳಿದೆ. ಗಾಲಿಯನ್ನು ನಮ್ಮ ಕಡೆಯ ಬಡಿಗೇರರು ಮಾಡಿಕೊಟ್ಟಿದ್ದರು. 1880ರ ಆಗಸ್ಟ್‌ನಲ್ಲಿ ಬ್ರಿಟಿಷ್ ಜನರಲ್ ರಾಬರ್ಟ್ಸ್ ಕಾಬೂಲಿನಿಂದ ಕಂದಹಾರಕ್ಕೆ 500 ಕಿಲೋಮೀಟರ್ ನಡೆದ. ಸುಮಾರು 10,000 ಸೈನಿಕರು, ಮೂರು ವಾರ ಚಿಲ್ಲರೆ. ಗಾಲಿಯ ಮೇಲೆ ಎಳೆಯುವ ತೋಪು ಒಂದನ್ನೂ ಒಯ್ಯಲಿಲ್ಲ, ಬರೀ 18 ಬೆಟ್ಟದ ತೋಪು. ಅದರಲ್ಲಿ ಒಂದು ದಳದ್ದು ಈ ಹೊಸ ಸ್ಕ್ರೂ ಗನ್. ಸೆಪ್ಟೆಂಬರ್ 1ಕ್ಕೆ ಕಂದಹಾರದ ಯುದ್ಧ ಗೆದ್ದ. ನನಗೆ ನಮ್ಮ ಕೊಪ್ಪಳದ ಕೋಟೆ ನೆನಪಾಯಿತು. 1790ರಲ್ಲಿ ನಿಜಾಮನ ಮತ್ತು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮುತ್ತಿಗೆ ಹಾಕಿ, ಅದು ಕೈಗೆ ಬರಲು ಮುಂದಿನ ವರ್ಷದ ಏಪ್ರಿಲ್ ಆಯಿತು. ಬಂಡೆಗುಡ್ಡದ ಮುಂದೆ ಬಯಲಿನ ಸೈನ್ಯ ಎಷ್ಟು ಕಷ್ಟಪಡುತ್ತೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಸ್ಕ್ರೂ ಗನ್ನಿಗೆ ಎರಡು ದೊಡ್ಡ ಕೊರತೆ. ಒಂದು ಕರಿಮದ್ದು. ಹಾರಿಸಿದ ಕೂಡಲೇ ಬಿಳಿ ಹೊಗೆ ಎದ್ದು ಇಲ್ಲೇ ಇದ್ದೀವಿ ಅಂತ ವೈರಿಗೆ ತೋರಿಸುತ್ತಿತ್ತು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಎದುರಿನವರ ಹತ್ತಿರ ಹೊಗೆ ಬರದ ಮದ್ದಿತ್ತು, ಬ್ರಿಟಿಷರ ಜಾಗ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಅಲ್ಲೇ 1899ರ ಅಕ್ಟೋಬರ್‌ನಲ್ಲಿ ನಿಕಲ್ಸನ್ಸ್ ನೆಕ್ ಎಂಬಲ್ಲಿ ರಾತ್ರಿ ಗುಡ್ಡ ಹತ್ತುವಾಗ 10ನೇ ಬೆಟ್ಟದ ದಳದ ಹೇಸರಗತ್ತೆಗಳು ಬೆದರಿ ಓಡಿದವು. ತೋಪಿನ ಭಾಗಗಳು, ಮದ್ದುಗುಂಡು ಕತ್ತಲಲ್ಲಿ ಹೋದವು. ಕಾಕಾ ಇದನ್ನು ಹೇಳುವಾಗ ದನಿ ತಗ್ಗಿಸಿದರು. ಐದು ಪ್ರಾಣಿ ಸೇರಿದರೆ ಒಂದು ತೋಪು, ಒಂದು ಓಡಿದರೂ ತೋಪಿಲ್ಲ.

ಇನ್ನೊಂದು ಕೊರತೆ, ಹಿಂದಕ್ಕೆ ಒದೆಯುವ ಪೆಟ್ಟನ್ನು ತಡೆಯುವ ಏರ್ಪಾಟು ಇರಲಿಲ್ಲ. ಪ್ರತಿ ಸಲ ಇಡೀ ತೋಪು ಹಿಂದಕ್ಕೆ ಓಡುತ್ತಿತ್ತು. ತಳ್ಳಿ ತರಬೇಕು, ಮತ್ತೆ ಗುರಿ ಹಿಡಿಯಬೇಕು. 1901ರಲ್ಲಿ ಬಂದ 10 ಪೌಂಡರ್‌ಗೆ ಹಿಂದಿನಿಂದ ಗುಂಡು ತುಂಬಬಹುದಿತ್ತು, ಹೊಗೆಯೂ ಹೋಯಿತು, ಒದೆತ ಮಾತ್ರ ಹಾಗೇ ಉಳಿಯಿತು. ಅದೇ ತೋಪು ಹಿಡಿದು 1915ರ ಏಪ್ರಿಲ್ 25ರಂದು ನಮ್ಮ ಭಾರತದ 26ನೇ ಜೇಕಬ್ಸ್ ದಳ ತುರ್ಕಿಯ ಗಲಿಪೊಲಿಯ ಆನ್ಝಾಕ್ ದಂಡೆಗೆ ಇಳಿಯಿತು, 21ನೇ ಕೋಹಾಟ್ ದಳವೂ ಅಲ್ಲೇ ಹೋರಾಡಿತು. ಅಲ್ಲಿ ಹೋರಾಡಿದ ಆಸ್ಟ್ರೇಲಿಯಾದವರ ಕಥೆ ಎಲ್ಲರಿಗೂ ಗೊತ್ತು, ಈ ಭಾರತದ ತೋಪಿನವರ ಹೆಸರು ನಮ್ಮಲ್ಲೇ ಯಾರೂ ತೆಗೆಯಲ್ಲ. ಅದು ನನಗೆ ನಿಜವಾಗಿ ಬೇಜಾರಿನ ವಿಷಯ.

ಒದೆತ ತಡೆಯುವ ಏರ್ಪಾಟು 1914ರ ಸುಮಾರಿಗೆ 2.75 ಇಂಚಿನ ತೋಪಿನಲ್ಲಿ ಬಂತು, ಆಮೇಲೆ 1917ರ 3.7 ಇಂಚಿನ, ಗುಂಡನ್ನು ಎತ್ತರಕ್ಕೆ ಹಾರಿಸುವ ಹೋವಿಟ್ಜರ್‌ನಲ್ಲಿ. ಅದರಲ್ಲಿ ನಳಿಗೆ ಮಾತ್ರ ಹಿಂದೆ ಜಾರಿ ಮುಂದೆ ಬರುತ್ತೆ, ಗಾಡಿ ನೆಲ ಬಿಡಲ್ಲ. ಗುಂಡು 20 ಪೌಂಡ್, ಹೇಸರಗತ್ತೆ ಎಂಟು. ಇದರ ನಳಿಗೆಯೂ ಎರಡು ತುಂಡೇ! 1944ರ ಏಪ್ರಿಲ್‌ನಲ್ಲಿ ಕೊಹಿಮಾವನ್ನು ಜಪಾನಿಯರು ಸುತ್ತಿಕೊಂಡಾಗ, ಮೂರು ಕಿಲೋಮೀಟರ್ ಆಚೆ ಜೋತ್ಸೋಮಾದಿಂದ 24ನೇ ಭಾರತೀಯ ಬೆಟ್ಟದ ರೆಜಿಮೆಂಟಿನ ಈ ತೋಪುಗಳು ಒಳಗಿದ್ದವರನ್ನು ಕಾಪಾಡಿದವು. ನಮ್ಮವರ ಕಂದಕದ ತೀರ ಅಂಚಿಗೇ ಗುಂಡು ಬೀಳಿಸಬೇಕಿತ್ತು. ಜೋಡಣೆ ಒಂದು ಚೂರು ಸಡಿಲ ಇದ್ದರೂ ಅಂಥ ಗುರಿ ಸಿಗುತ್ತಿರಲಿಲ್ಲ. ಒಂದು ನಟ್ ಹಾಳು ಮಾಡಿದ ಕೈಗೆ ಅದರ ಬೆಲೆ ಚೆನ್ನಾಗಿ ಅರ್ಥವಾಗುತ್ತೆ.

ಪ್ರದರ್ಶನದ ದಿನ ಎರಡು ಸಿಮೆಂಟ್ ಚೀಲ ತರಿಸಿ, ಒಂದರಿಂದ ಹತ್ತು ಕಿಲೋ ತೆಗೆದು, ಎರಡನ್ನೂ ಹಗ್ಗದಲ್ಲಿ ಕಟ್ಟಿ ಮಾದರಿಯ ಪಕ್ಕ ಇಟ್ಟೆವು. ಎದೆ ಮಟ್ಟಕ್ಕೆ ಎತ್ತಿ ನೋಡಿ ಅಂತ ಕಾಕಾ ಹೈಸ್ಕೂಲ್ ಹುಡುಗರಿಗೆ ಹೇಳಿದರು. ಇಬ್ಬರಿಗೆ ಆಗಲಿಲ್ಲ, ನಾಲ್ವರು ಸೇರಿ ಎತ್ತಿದರು. ಆಮೇಲೆ ಅವರೇ ಮೇಜಿಗೆ ಬಂದು ನಳಿಗೆ ಬಿಚ್ಚಿದರು.

ಮಾದರಿ ಈಗ ಶಾಲೆಯಲ್ಲೇ ಇದೆ. ಮೂರು ತಿಂಗಳಿಗೊಮ್ಮೆ ಹೋಗಿ ಥ್ರೆಡ್ಡಿನಲ್ಲಿ ಕೂತ ಕೆಂಪು ಧೂಳು ಒರೆಸಿ, ಎಣ್ಣೆ ಹಾಕಿ ಬರುತ್ತೇನೆ. ಹೋದ ಸಲ ನೋಡಿದರೆ ಪಿನ್ ಬಾಗಿತ್ತು. ಯಾರೋ ನಟ್ ಬಿಟ್ಟು ನಳಿಗೆಯನ್ನೇ ತಿರುಚಿದ್ದಾರೆ. ಹೊಸ ಪಿನ್ ಹಾಕಿ, ಪೆಟ್ಟಿಗೆಯ ಮುಚ್ಚಳದ ಒಳಗೆ ಬಣ್ಣದಲ್ಲಿ ಬರೆದು ಬಂದೆ: "ನಟ್ ತಿರುಗಿಸಿ. ನಳಿಗೆ ತಿರುಗಿಸಬೇಡಿ."