ಕೊಲೊನೋಸ್ಕೋಪಿಗೆ ಮುಂಚೆ ಮೂರು ದಿನ ಮುದ್ದೆ ಬೇಡ

ಕೊಲೊನೋಸ್ಕೋಪಿಗೆ, ಅಂದರೆ ಕ್ಯಾಮೆರಾ ಇರುವ ನಳಿಕೆಯನ್ನು ಗುದದ್ವಾರದಿಂದ ಬಿಟ್ಟು ದೊಡ್ಡ ಕರುಳನ್ನು ನೋಡುವ ಪರೀಕ್ಷೆಗೆ, ಮಂಡ್ಯದಿಂದ ಬೆಳಗಿನ ಬಸ್ಸಿಗೆ ಮೈಸೂರಿಗೆ ಬಂದು, 'ಕರುಳು ಕ್ಲೀನ್ ಆಗಿಲ್ಲ' ಅನ್ನಿಸಿಕೊಂಡು ವಾಪಸ್ ಹೋದವರನ್ನು ಎಷ್ಟೋ ಸಲ ನೋಡಿದ್ದೇನೆ. ನಮ್ಮ ದೊಡ್ಡಮ್ಮನಿಗೂ ಹಾಗೇ ಆಯಿತು. ರಕ್ತ ಹಾಕಿಸಿದರೂ ಹಿಮೋಗ್ಲೋಬಿನ್ ಮತ್ತೆ 7ಕ್ಕೆ ಇಳಿಯುತ್ತಿತ್ತು. ಎರಡನೇ ಸಲ ನೋಡಿದಾಗ ಕಾರಣ ಸಿಕ್ಕಿತು: ಆಂಜಿಯೋಡಿಸ್ಪ್ಲೇಸಿಯಾ. ಕರುಳಿನ ಒಳಗೋಡೆಯಲ್ಲಿ ಹಿಗ್ಗಿ ರಕ್ತ ಒಸರುವ ಸಣ್ಣ ರಕ್ತನಾಳಗಳ ಕೆಂಪು ಚುಕ್ಕೆ. ಸಾಮಾನ್ಯವಾಗಿ 1 ಸೆಂಟಿಮೀಟರಿಗಿಂತ ಚಿಕ್ಕದು, ಚಪ್ಪಟೆ. ಹೆಚ್ಚಾಗಿ ಇರುವುದು ದೊಡ್ಡ ಕರುಳಿನ ಬಲಭಾಗದಲ್ಲಿ. ಕೊಳೆ ಜಾಸ್ತಿ ಉಳಿಯುವುದೂ ಅಲ್ಲೇ.

ಮೊದಲು ಔಷಧಿ. ಕಬ್ಬಿಣದ ಮಾತ್ರೆ ಮಲವನ್ನು ಕಪ್ಪಾಗಿ, ಅಂಟಂಟಾಗಿ ಮಾಡಿಬಿಡುತ್ತದೆ. ವೈದ್ಯರನ್ನು ಕೇಳಿ ಒಂದು ವಾರ ಮೊದಲೇ ನಿಲ್ಲಿಸಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮಾತ್ರ ನೀವಾಗಿಯೇ ಬಿಡಬೇಡಿ. ಹೃದಯದ ಕವಾಟ ಕಿರಿದಾಗಿದ್ದರೆ ಅದನ್ನೂ ಹೇಳಿ. ಅದಕ್ಕೂ ಈ ರಕ್ತಸ್ರಾವಕ್ಕೂ ಇರುವ ನಂಟನ್ನು ಹೈಡ್ ಎಂಬ ವೈದ್ಯರು 1958ರಲ್ಲೇ ಗುರುತಿಸಿದ್ದರು.

ಮೂರು ದಿನ ರಾಗಿ ಮುದ್ದೆ, ಬಸ್ಸಾರು, ಹುರುಳಿಕಾಳು, ಸೀಬೆಹಣ್ಣು ಬೇಡ. ಬಿಳಿ ಅನ್ನ, ಮಜ್ಜಿಗೆ, ಸೋಸಿದ ತಿಳಿಸಾರು ಸಾಕು. 'ಒಂದೇ ಒಂದು ಮುದ್ದೆ, ಏನಾಗುತ್ತೆ?' ಅಂದಿದ್ದರು ದೊಡ್ಡಮ್ಮ. ಆ ರಾಗಿಯ ಸಿಪ್ಪೆಯೇ ಕ್ಯಾಮೆರಾಕ್ಕೆ ಅಡ್ಡ ಬಂತು. ಹಿಂದಿನ ದಿನ ತಿಳಿನೀರಿನಂಥದ್ದು ಮಾತ್ರ. ಕೆಂಪು ಶರಬತ್ತು ಬೇಡ, ರಕ್ತದಂತೆ ಕಾಣುತ್ತದೆ.

ಎಲ್ಲರೂ ಎಡವುವುದು ಭೇದಿ ಮಾಡಿಸಿ ಕರುಳು ತೊಳೆಯುವ ಪಿಇಜಿ ಎಂಬ ಪುಡಿ ಕುಡಿಯುವಾಗ. ಪುಡಿಯನ್ನು ಪೊಟ್ಟಣದಲ್ಲಿ ಹೇಳಿದಷ್ಟೇ ನೀರಿಗೆ, ಸಾಮಾನ್ಯವಾಗಿ 2 ಲೀಟರಿಗೆ, ಕಲಸಿ ಫ್ರಿಜ್ಜಿನಲ್ಲಿಡಿ. ತಣ್ಣಗಿದ್ದರೆ ಉಪ್ಪುಪ್ಪು ರುಚಿ ಅಷ್ಟು ಕಾಡುವುದಿಲ್ಲ. ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ ನಾಲ್ಕೈದು ಗಂಟೆ ಮೊದಲು. ಹದಿನೈದು ನಿಮಿಷಕ್ಕೊಂದು ಲೋಟ. ವಾಂತಿ ಬಂದಂತಾದರೆ ಅರ್ಧ ಗಂಟೆ ತಡೆದು ಮುಂದುವರಿಸಿ. ನಾಲ್ಕು ಸಲ ಭೇದಿಯಾಯಿತು ಅಂತ ಉಳಿದದ್ದನ್ನು ಚೆಲ್ಲಬೇಡಿ! ಬೆಳಗಿನ ಅರ್ಧವೇ ಬಲಭಾಗವನ್ನು ತೊಳೆಯುವುದು. ಕೊನೆಗೆ ನಿಂಬೆರಸದ ಬಣ್ಣದ ತಿಳಿನೀರು ಬರಬೇಕು. ಕಂದು ಬಣ್ಣ ಉಳಿದರೆ ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ.

ಹರಳೆಣ್ಣೆ, ಚೂರ್ಣ ಸಾಲದು. ಎನಿಮಾ ಎಡಭಾಗವನ್ನಷ್ಟೇ ತೊಳೆಯುತ್ತದೆ. ಕುಡಿಯಲು ಸುಲಭ ಅಂತ ಸಣ್ಣ ಬಾಟಲಿಯ ಫಾಸ್ಫೇಟ್ ದ್ರಾವಣ ತರಬೇಡಿ. ವಯಸ್ಸಾದವರ ಕಿಡ್ನಿಗೆ ಅಪಾಯ.

ಜೊತೆಗೊಬ್ಬರಿರಲಿ, ಹಳೆಯ ರಿಪೋರ್ಟುಗಳಿರಲಿ.

ಚುಕ್ಕೆ ಸಿಕ್ಕರೆ ಸಾಮಾನ್ಯವಾಗಿ ಅದೇ ನಳಿಕೆಯ ಮೂಲಕ ಆರ್ಗಾನ್ ಅನಿಲದಿಂದ ಸುಡುತ್ತಾರೆ. ಮತ್ತೊಂದು ಕಡೆ ಹುಟ್ಟಬಹುದು, ಹಾಗಾಗಿ ಹಿಮೋಗ್ಲೋಬಿನ್ ಆಗಾಗ ನೋಡಿಸಿ. ಟಾರಿನಂತೆ ಕಪ್ಪಗೆ ಅಂಟುವ ಮಲ, ತಲೆಸುತ್ತು ಅಥವಾ ರಕ್ತವಾಂತಿ ಕಂಡರೆ ಯಾವ ಅಪಾಯಿಂಟ್‌ಮೆಂಟಿಗೂ ಕಾಯಬೇಡಿ, ನೇರ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.