ಕ್ರಾನ್ ಬರೀ ಗಂಟೆ ಹೊಡೆಯಲಿ, ಲೆಕ್ಕ ಡೇಟಾಬೇಸ್ ಇಟ್ಟುಕೊಳ್ಳಲಿ

ಒಂದು ಪತ್ತಿನ ಸಹಕಾರ ಸಂಘಕ್ಕೆ ಜ್ಯಾಂಗೋದಲ್ಲಿ (ಪೈಥಾನ್‌ನ ವೆಬ್ ಚೌಕಟ್ಟು) ಕಟ್ಟಿಕೊಟ್ಟ ಅಪ್ಲಿಕೇಶನ್ ಇದು. ಮೂರು ಕೆಲಸ ತಾವಾಗಿಯೇ ನಡೆಯಬೇಕಿತ್ತು: ಮಧ್ಯರಾತ್ರಿ ದಾಟಿದ ಮೇಲೆ ಹಿಂದಿನ ದಿನದ ಬಡ್ಡಿ ಲೆಕ್ಕ, ಬೆಳಿಗ್ಗೆ ಕಂತು ನೆನಪಿಸುವ ಎಸ್ಎಂಎಸ್, ಒಂದನೇ ತಾರೀಖು ಸದಸ್ಯರ ಸ್ಟೇಟ್‌ಮೆಂಟ್. ಇಷ್ಟಕ್ಕೆ ಹಿನ್ನೆಲೆ ಕೆಲಸ ನಡೆಸುವ ಸೆಲೆರಿ, ಅದರ ಸರದಿ ಹಿಡಿದಿಡುವ ರೆಡಿಸ್ ಅಂತ ದೊಡ್ಡ ಸಂಸಾರ ಹೂಡುವುದು ಬೇಡವೆನಿಸಿತು. ಲಿನಕ್ಸ್‌ನ ಕ್ರಾನ್, ಅಂದರೆ ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ವ್ಯವಸ್ಥೆ, ಸಾಕು ಅಂದುಕೊಂಡೆ, ಈಗಲೂ ಹಾಗೇ ಅನ್ನುತ್ತೇನೆ.

ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಇತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ, ಹಾಗಾಗಿ ನಮ್ಮ ರಾತ್ರಿ 12 ಅಲ್ಲಿ ಹಿಂದಿನ ದಿನದ 18:30. ದಿನನಿತ್ಯದ ಕೆಲಸಕ್ಕೆ ‘30 18 * * *’ (ಮೊದಲು ನಿಮಿಷ, ಆಮೇಲೆ ಗಂಟೆ, ನಕ್ಷತ್ರಗಳೆಂದರೆ ಪ್ರತಿದಿನ) ಎಂದು ಬರೆದರೆ ಮುಗಿಯಿತು. ಸಿಕ್ಕು ಇರುವುದು ತಿಂಗಳ ಕೆಲಸದಲ್ಲಿ. ನಮಗೆ ಒಂದನೇ ತಾರೀಖು ಹುಟ್ಟುವಾಗ ಅಲ್ಲಿನ್ನೂ ಹಿಂದಿನ ತಿಂಗಳ ಕೊನೆಯ ದಿನ. ಅದು 28 ಇರಬಹುದು, 31 ಇರಬಹುದು. ‘ತಿಂಗಳ ಕೊನೆ’ ಎನ್ನಲು ಸಾಮಾನ್ಯ ಕ್ರಾನ್‌ನಲ್ಲಿ ಗುರುತೇ ಇಲ್ಲ. ಸರ್ವರ್‌ನ ಟೈಮ್‌ಝೋನ್ ಬದಲಿಸಿಬಿಡಿ ಅನ್ನುವವರಿದ್ದಾರೆ. ಡೇಟಾಬೇಸ್, ಲಾಗ್ ಎಲ್ಲವೂ ಯುಟಿಸಿಯಲ್ಲಿರುವಾಗ ನನಗದು ಹಿಡಿಸಲಿಲ್ಲ.

ಕೊನೆಗೆ ಕ್ರಾನ್‌ನಲ್ಲಿ ಒಂದೇ ಸಾಲು ಉಳಿಸಿಕೊಂಡೆ: ಹತ್ತು ನಿಮಿಷಕ್ಕೊಮ್ಮೆ ಒಂದು ಕಮಾಂಡ್. ಅದು ಎದ್ದು, ಭಾರತದ ತಾರೀಖು ನೋಡಿ, ‘ಏನು ಬಾಕಿ ಇದೆ?’ ಎಂದು ಡೇಟಾಬೇಸನ್ನು ಕೇಳುತ್ತದೆ. ಅಲ್ಲೊಂದು ಟೇಬಲ್, ಕೆಲಸದ ಹೆಸರು, ಯಾವ ತಾರೀಖಿನದು, ಎರಡಕ್ಕೂ ಸೇರಿಸಿ ಯೂನಿಕ್ ಕನ್‌ಸ್ಟ್ರೇಂಟ್, ಅಂದರೆ ಅದೇ ಜೋಡಿ ಎರಡನೇ ಸಲ ಸೇರದು. ಸಾಲು ಇಲ್ಲದಿದ್ದರೆ ಲೆಕ್ಕ ಮಾಡು, ಅದೇ ಟ್ರಾನ್ಸಾಕ್ಷನ್‌ನಲ್ಲಿ ಸಾಲು ಸೇರಿಸು: ಆದರೆ ಎರಡೂ ಆಗುತ್ತವೆ, ಇಲ್ಲದಿದ್ದರೆ ಎರಡೂ ಇಲ್ಲ. ಸರ್ವರ್ ಮಲಗಿದ್ದಾಗ ತಪ್ಪಿಹೋದ ಕೆಲಸವನ್ನು ಕ್ರಾನ್ ಮತ್ತೆ ಮಾಡುವುದಿಲ್ಲ. ಇಲ್ಲಿ ಬಾಕಿ ದಿನಗಳು ಒಂದೊಂದಾಗಿ ತೀರುತ್ತವೆ. ಅದಕ್ಕಾಗಿಯೇ ಬಡ್ಡಿಯ ಫಂಕ್ಷನ್ ಒಳಗೆ ‘ಇವತ್ತು’ ಅನ್ನುವುದನ್ನೇ ಇಟ್ಟಿಲ್ಲ, ತಾರೀಖು ಹೊರಗಿನಿಂದಲೇ ಬರಬೇಕು. ಮಂಗಳವಾರದ ಬಡ್ಡಿಯನ್ನು ಗುರುವಾರ ಲೆಕ್ಕ ಹಾಕಿದರೂ ಅದು ಮಂಗಳವಾರದ್ದೇ.

ಒಂದು ಸುತ್ತು ಮುಗಿಯುವ ಮೊದಲೇ ಇನ್ನೊಂದು ಶುರುವಾಗದಿರಲು ಮೊದಲು ಫ್ಲಾಕ್ ಎಂಬ ಲಿನಕ್ಸ್‌ನ ಫೈಲ್ ಬೀಗ ಬಳಸುತ್ತಿದ್ದೆ. ಅದರ ಕಾವಲು ಒಂದೇ ಯಂತ್ರಕ್ಕೆ. ಎರಡನೇ ಸರ್ವರ್ ಬಂದ ಮೇಲೆ ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ ಅಡ್ವೈಸರಿ ಲಾಕ್‌ಗೆ (ಅಪ್ಲಿಕೇಶನ್ ತಾನೇ ಕೇಳಿ ಹಿಡಿಯುವ ಬೀಗ) ಬದಲಾಯಿಸಿದೆ: ಲಾಕ್ ಸಿಗದಿದ್ದರೆ ಸುಮ್ಮನೆ ಹೊರಟುಹೋಗು. ಪ್ರೋಸೆಸ್ ಸತ್ತು ಕನೆಕ್ಷನ್ ಕಡಿದರೆ ಲಾಕ್ ತಾನೇ ಬಿಡುತ್ತದೆ. ಆದರೆ ನಡುವೆ ಕನೆಕ್ಷನ್ ಹಂಚುವ ಪಿಜಿಬೌನ್ಸರ್ ಟ್ರಾನ್ಸಾಕ್ಷನ್ ಮೋಡ್‌ನಲ್ಲಿದ್ದರೆ ಪ್ರತಿ ಟ್ರಾನ್ಸಾಕ್ಷನ್‌ಗೂ ಬೇರೆ ಕನೆಕ್ಷನ್ ಸಿಗಬಹುದು, ಕನೆಕ್ಷನ್‌ಗೆ ಅಂಟಿಕೊಂಡ ಸೆಷನ್ ಲಾಕನ್ನು ನಂಬುವಂತಿಲ್ಲ. ಈ ಕಮಾಂಡ್‌ಗೆ ನೇರ ಕನೆಕ್ಷನ್ನೇ ಕೊಟ್ಟಿದ್ದೇನೆ.

ಎಸ್ಎಂಎಸ್ ಮಾತ್ರ ಈ ಅಚ್ಚಿಗೆ ಕೂರಲಿಲ್ಲ. ಹೊರಟುಹೋದ ಮೆಸೇಜನ್ನು ರೋಲ್‌ಬ್ಯಾಕ್ ಮಾಡುವುದು, ಅಂದರೆ ಹಿಂದಕ್ಕೆ ತರುವುದು, ಎಲ್ಲಿಂದ? ಹಾಗಾಗಿ ಪ್ರತಿ ಸದಸ್ಯರ ಸಾಲಿಗೂ ಮೊದಲು ‘ಕಳಿಸುತ್ತಿದೆ’ ಎಂದು ಬರೆದು ಕಮಿಟ್ (ಡೇಟಾಬೇಸ್‌ನಲ್ಲಿ ಖಾಯಂ), ಆಮೇಲೆ ಕಳಿಸುವುದು, ನಂತರ ‘ಕಳಿಸಿದೆ’. ನಡುವೆ ಸಿಕ್ಕಿಕೊಂಡದ್ದನ್ನು ಯಂತ್ರ ಮತ್ತೆ ಮುಟ್ಟುವುದಿಲ್ಲ, ಗುಮಾಸ್ತರು ನೋಡಿ ತೀರ್ಮಾನಿಸುತ್ತಾರೆ. ಸಾಲದ ನೆನಪು ಒಮ್ಮೆ ತಪ್ಪಿದರೆ ನಡೆದೀತು. ಎರಡೆರಡು ಸಲ ಹೋದರೆ ಸದಸ್ಯರು ಕಾರ್ಯದರ್ಶಿಯ ಮನೆ ಬಾಗಿಲಿಗೇ ಬರುತ್ತಾರೆ. ಬಾಕಿ ತೀರಿಸುವ ನಿಯಮವೂ ಇದಕ್ಕೆ ಬೇರೆ: ಸಂಜೆ ಏಳು ದಾಟಿದರೆ ಆ ದಿನದ್ದನ್ನು ಬಿಟ್ಟೇ ಬಿಡುವುದು.

ಕ್ರಾನ್ ತನ್ನ ಗೋಳನ್ನು ಸರ್ವರ್‌ನೊಳಗಿನ ಮೇಲ್‌ಬಾಕ್ಸ್‌ಗೆ ಹಾಕುತ್ತದೆ, ಅದನ್ನು ಓದುವವರು ಯಾರೂ ಇಲ್ಲ. ಅದರ ಬದಲು ಅಡ್ಮಿನ್ ಪುಟದ ತಲೆಯಲ್ಲೇ ಪ್ರತಿ ಕೆಲಸ ಎಲ್ಲಿಯವರೆಗೆ ಮುಗಿದಿದೆ ಎಂದು ತೋರಿಸಿದೆ. ಬಡ್ಡಿಯ ಎದುರು ನಿನ್ನೆಯ ತಾರೀಖು ಇಲ್ಲದಿದ್ದರೆ ಸಾಲು ಕೆಂಪಾಗುತ್ತದೆ, ಕಚೇರಿ ತೆರೆದ ಹೊತ್ತಿಗೇ ನನಗೆ ಫೋನ್ ಬರುತ್ತದೆ.